ಸಾಲು ಬಿಟ್ಟು ಸಾಲಿಗೆ ನೀರು

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪಡಿತರ ಅಂಗಡಿಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮುಖ ಗಂಟಿಕ್ಕುತ್ತಿದ್ದರು. "ಎಸ್ರಿಟ್ಟು ಕೂಗಕೆ ನಾನೇನು ಕಳ್ದೋಗಿದ್ದಿನಾ" ಎನ್ನುತ್ತಿದ್ದರು. ಊರಿನವರೆಲ್ಲ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಹೋದ ತಿಂಗಳು ಬಿಳಿಗೆರೆಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಬೀನ್ಸ್ ಕೀಳುತ್ತಿದ್ದೆ. ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡೆ. ಆಮೇಲೆ, ಯಾಕೆಂದು ಗೊತ್ತಿಲ್ಲ, ಬಗ್ಗಿ ಗಿಡದ ಬುಡಕ್ಕೆ ಬೆರಳು ಇಳಿಸಿ ಮಣ್ಣು ನೋಡಿದೆ. ತೇವ ಇತ್ತು. ನೀರು ಬೇಕಾಗಿರಲಿಲ್ಲ.

ನಾನು ಚಿಕ್ಕಯ್ಯನಛತ್ರದ ಕಡೆಯವಳು. ನಮ್ಮಪ್ಪನದು ಕೊಳವೆಬಾವಿಯನ್ನೇ ನಂಬಿದ ಜಮೀನು. ಹೆಮ್ಮಿಗೆ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದಾಗ, ನಾಲೆಯ ನೀರು ಯಾರ ಅಪ್ಪಣೆಗೂ ಕಾಯದೆ ಹಾಗೆ ಹರಿದು ಬರುವುದನ್ನು ನೋಡಿ ನನಗೆ ತಲೆ ತಿರುಗಿತ್ತು. ನಮ್ಮ ಮನೆಯವರಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ. ಅತ್ತೆ ಕೈಲಾಗದವರಾದ ಮೇಲೆ ಜಮೀನು ನನ್ನ ಪಾಲಿಗೆ ಬಂತು. ಉಪನಾಲೆಯ ಮೊದಲ ತೂಬಿನ ನೀರು ಮೂರು ಜಮೀನಿಗೆ ಹೋಗುತ್ತಿತ್ತು. ಮೊದಲು ನಮ್ಮದು, ನಮ್ಮದಕ್ಕೆ ಅಂಟಿಕೊಂಡು ಅಕ್ಕಾರದು, ಅದರಾಚೆ ರಸ್ತೆಯ ಪಕ್ಕಕ್ಕೆ ಅವರ ಮೈದನದು, ಎಂದರೆ ಗಂಡನ ತಮ್ಮನದು. ನಮ್ಮ ಕೆಳಗೆ ಇನ್ನೂ ಬೇಕಾದಷ್ಟು ತೂಬುಗಳು. ಉಪನಾಲೆ ಮುಗಿಯುವಲ್ಲಿ ಇನ್ನೊಂದು ಊರು. ಅದನ್ನು ನಮ್ಮವರು ಕೆಳಗಲೂರು ಎನ್ನುತ್ತಿದ್ದರು. ಮೇಲಿನವರು ಕುಡಿದು ಬಿಟ್ಟದ್ದು ಅವರಿಗೆ.

ಮೊದಲ ವರ್ಷ ನಾನು ಟೊಮೆಟೊ ಹಾಕಿದೆ. ತಲೆಮಾರುಗಳಿಂದ ಭತ್ತ ಬೆಳೆದ ನೆಲ. ನೀರು ಬಿಡುವುದೆಂದರೆ ಮಡಿ ತುಂಬಿ ಪಕ್ಕದ ಮಡಿಗೆ ಹರಿಯುವ ತನಕ ಬಿಡುವುದು ಎಂದೇ ಎಲ್ಲರಿಗೂ ಅಭ್ಯಾಸ. ನಾನೂ ಹಾಗೇ ಬಿಟ್ಟೆ. ಗಿಡ ಮೊಳಕಾಲುದ್ದ ಬಂದಾಗ ಎಲೆ ಜೋತು ಬಿತ್ತು. ನೀರು ಸಾಲದಾಯಿತು ಎಂದುಕೊಂಡು ಮತ್ತೆ ಬಿಟ್ಟೆ. ಆವತ್ತು ಅಕ್ಕಾರು ಬದುವಿನ ಮೇಲೆ ಬಂದವರು ಕಾಲಿನಿಂದಲೇ ಒಂದು ಹೆಂಟೆ ತಳ್ಳಿ ನೀರಿನ ಬಾಯಿ ಮುಚ್ಚಿಬಿಟ್ಟರು.

"ಯಾಕೆ ಮುಚ್ಚಿದ್ರಿ ಅಕ್ಕಾರೇ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಕೊಲ್ತಾ ಇದ್ದೀಯಲ್ಲ, ಅದುಕ್ಕೆ."

"ನೀರು ಸಾಲ್ದೆ ಬಾಡ್ತಾ ಅವೆ."

"ನೀರು ಎಚ್ಚಾಗಿ ಬಾಡ್ತಾ ಅವೆ ಕಣವ್ವ. ಇದು ಬತ್ತ ಅಲ್ಲ. ಬೇರಿಗೂ ಉಸ್ರು ಬೇಕು."

ಒಂದು ಗಿಡ ಕಿತ್ತು ನನ್ನ ಮೂಗಿನ ಮುಂದೆ ಹಿಡಿದರು. ಬೇರು ಕಂದಾಗಿ ಮೆತ್ತಗಾಗಿತ್ತು. ಕೊಳೆತ ವಾಸನೆ ಬಂತು. ಆಮೇಲೆ ಅವರು ನನ್ನನ್ನು ತಮ್ಮ ಜಮೀನಿಗೆ ಕರೆದುಕೊಂಡು ಹೋದರು. ಅಲ್ಲಿ ಗಿಡಗಳು ಮಣ್ಣು ಎತ್ತರಿಸಿ ಕಟ್ಟಿದ ಏರಿಯ ಮೇಲಿದ್ದವು. ಏರಿಗಳ ನಡುವೆ ಆಳದ ಸಾಲು. ತೇವ ಆರದಂತೆ ಏರಿಯ ಮೇಲೆ ಕಬ್ಬಿನ ಸೋಗೆ ಹಾಸಿದ್ದರು. ಒಂದು ಸಾಲಿನಲ್ಲಿ ಈಚೆಗೆ ನೀರು ಹರಿದಿದ್ದ ಗುರುತಿತ್ತು. ಪಕ್ಕದ ಸಾಲು ಒಣಗಿತ್ತು. ಅದರಾಚೆಯದರಲ್ಲಿ ಮತ್ತೆ ತೇವ.

"ಈ ಸಾಲು ಮರ್ತೋಯ್ತಾ ಅಕ್ಕಾರೇ?"

"ಮರೀಲಿಲ್ಲ. ಬುಟ್ಟಿವ್ನಿ. ಇದುಕ್ಕೆ ಮುಂದ್ಲ ಸರ್ತಿ. ಒಂದು ಕಡೆ ಬೇರು ಕುಡೀಲಿ, ಇನ್ನೊಂದು ಕಡೆ ಉಸ್ರಾಡ್ಲಿ."

ಒಣಗಿದ ಸಾಲಿನ ಪಕ್ಕದಲ್ಲಿ ಕೈ ಹೂತು ಬೇರಿನ ಹತ್ತಿರದ ಮಣ್ಣು ತೆಗೆದರು. ಮುಷ್ಟಿಯಲ್ಲಿ ಅಮುಕಿ ಉಂಡೆ ಮಾಡಿ, ಮೇಲಕ್ಕೆ ಎಸೆದು ಹಿಡಿದರು. ಉಂಡೆ ಒಡೆಯಲಿಲ್ಲ. "ಒಡುದ್ರೆ ನೀರು. ಒಡೀದಿದ್ರೆ ಮನೆಗೋಗು" ಎಂದರು. ಅವರು ನನಗೆ ಕಲಿಸಿದ್ದು ಹೆಚ್ಚುಕಡಿಮೆ ಅಷ್ಟೇ. ಅದನ್ನು ಕಲಿಯಲು ನನಗೆ ಮೂರು ಬೆಳೆ ಹಿಡಿಯಿತು.

ಅವರು ಮೃದು ಸ್ವಭಾವದವರಾಗಿರಲಿಲ್ಲ. ಬೆವರಿಗೆ ಅಳಿಸಿದ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ಯಾರನ್ನೂ ಹೊಗಳದ ಬಾಯಿ. ಕೆಲವರು ಮಗ್ಗಿ ತಪ್ಪಿದ ಮಕ್ಕಳನ್ನು ಕಂಡರೆ ಸುಮ್ಮನಿರಲಾರರಲ್ಲ, ಹಾಗೆ ಅಕ್ಕಾರಿಗೆ ತುಂಬಿ ಹರಿಯುವ ಮಡಿ ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ. ಯಾರದಾದರೂ ಸರಿ, ಹೋಗಿ ಮುಚ್ಚಿಬಿಡುತ್ತಿದ್ದರು. ಜನ ಬೈಯುತ್ತಿದ್ದರು. ಒಬ್ಬರು ಮನೆಯ ಮುಂದೆ ಬಂದು ಕೂಗಾಡಿದಾಗ, ಅಕ್ಕಾರು ಒಳಗಿನಿಂದ ಮಜ್ಜಿಗೆ ತಂದು ಕೊಟ್ಟು, "ಕುಡ್ದು ಕೂಗು, ಗಂಟ್ಲು ಒಣಗದೆ" ಎಂದರಂತೆ. ಅದರಲ್ಲಿ ತಮಾಷೆಯೇನೂ ಇರಲಿಲ್ಲ. ಅವರು ಹೇಳುತ್ತಿದ್ದುದೆಲ್ಲ ಹಾಗೇ, ನೇರವಾಗಿ.

ಒಂದು ವಿಷಯ ಮಾತ್ರ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ತೂಬಿನ ಹಲಗೆ ಮುಟ್ಟುವ ಮೊದಲು ಅವರು ಕೈಯಲ್ಲಿದ್ದ ಗುದ್ದಲಿಯನ್ನು ದೂರ ಇಟ್ಟು ಬರುತ್ತಿದ್ದರು. ಎಷ್ಟೇ ಅವಸರವಿದ್ದರೂ ಸರಿ. ಒಂದು ದಿನ ನಮ್ಮ ಮನೆಯವರನ್ನು ಕೇಳಿದೆ.

ಬಹಳ ಹಿಂದೆ, ನೀರು ಕಡಿಮೆಯಾಗಿದ್ದ ಒಂದು ಬೇಸಿಗೆಯಲ್ಲಿ, ಕೆಳಗಲೂರಿನ ಒಬ್ಬ ಯುವಕ ಬಂದು ಆ ತೂಬಿನ ಹಲಗೆ ಇಳಿಸಿ ನೀರು ಕಟ್ಟುತ್ತಿದ್ದನಂತೆ. ಅಕ್ಕಾರ ಗಂಡ ಅದನ್ನು ಕಂಡು ಓಡಿಹೋಗಿ ಕೈಯಲ್ಲಿದ್ದ ಗುದ್ದಲಿಯನ್ನೇ ಬೀಸಿದರು. ಏಟು ಆ ಯುವಕನ ಕಾಲಿಗೆ ಬಿತ್ತು. ಮೊಳಕಾಲು ಮತ್ತೆ ಸರಿಹೋಗಲಿಲ್ಲ. ಗಂಡ ಜೈಲಿಗೆ ಹೋದರು, ಅಲ್ಲಿಂದ ಬರುವಷ್ಟರಲ್ಲಿ ರೋಗ ಹಿಡಿದಿತ್ತು, ಬೇಗ ಹೋಗಿಬಿಟ್ಟರು. ಏಟು ತಿಂದವರು ನಾನು ಊರಿಗೆ ಬರುವ ಹೊತ್ತಿಗೆ ಕೋಲೂರಿಕೊಂಡು ನಡೆಯುವ ಯಜಮಾನರಾಗಿದ್ದರು. ಸಂತೆಯಲ್ಲಿ ಅವರು ಎದುರಾದರೆ ಅಕ್ಕಾರು ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ಅವರೂ ನೋಡದೆ ಹೋಗುತ್ತಿದ್ದರು.

ಇನ್ನು ನಾನೇ ಕಂಡ ಬೇಸಿಗೆಯ ವಿಷಯ.

ಆ ವರ್ಷ ಅಣೆಕಟ್ಟೆಯಲ್ಲಿ ನೀರು ಕಡಿಮೆ. ಭತ್ತ ಹಾಕಬೇಡಿ, ಕಡಿಮೆ ನೀರು ಸಾಕಾಗುವ ಅರೆಖುಷ್ಕಿ ಬೆಳೆಗೆ ಮಾತ್ರ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತೇವೆ ಎಂದು ಕಚೇರಿಯಿಂದ ಹೇಳಿಸಿದರು. ಕೆಲವು ದಿನ ನಾಲೆ ಹರಿಯುತ್ತದೆ, ಕೆಲವು ದಿನ ನಿಲ್ಲುತ್ತದೆ; ಹಾಗೆ ಹರಿಯುವ ಒಂದು ಸರದಿಯೇ ಒಂದು ಕಟ್ಟು. ಮೇಲೂ ಕೆಳಗೂ ಎಲ್ಲರೂ ತರಕಾರಿಗೆ ಬಿದ್ದರು. ಮೊದಲ ಕಟ್ಟಿನಲ್ಲಿ ಮೇಲಿನವರು ಅಭ್ಯಾಸದಂತೆ ಮಡಿ ತುಂಬಿಸಿಕೊಂಡರು. ಕೆಳಗಲೂರಿಗೆ ನೀರು ಮುಟ್ಟುವಷ್ಟರಲ್ಲಿ ನಾಲೆ ನಿಂತಿತ್ತು. ಅವರ ಬೆಂಡೆ, ಹೀರೆ ಕಣ್ಣೆದುರೇ ಒಣಗುತ್ತಿದ್ದವು. ಎರಡನೇ ಕಟ್ಟು ಬರುವ ಮೊದಲೇ, ಈ ಸಲ ತಾವೇ ಬಂದು ಮೇಲಿನ ತೂಬುಗಳನ್ನು ಮುಚ್ಚುತ್ತೇವೆ ಎಂದು ಹೇಳಿಕಳಿಸಿದರು. ಬರಲಿ ನೋಡೋಣ ಎಂದು ನಮ್ಮವರು ಉತ್ತರ ಕಳಿಸಿದರು. ನಾಲೆಯ ಏರಿಯ ಮೇಲೆ ನಮ್ಮ ಊರಿನ ಗಂಡಸರು ಗುದ್ದಲಿ ಹಿಡಿದು ಓಡಾಡತೊಡಗಿದರು. ಜಮೀನಿನ ಕೆಲಸಕ್ಕಂತೂ ಅಲ್ಲ.

ನೀರು ಬಳಕೆದಾರರ ಸಂಘದ ಸಭೆ ಹಾಲಿನ ಡೈರಿಯ ಮುಂದೆ ಸೇರಿತು. ಹೆಂಗಸರೆಂದರೆ ನಾವಿಬ್ಬರೇ. ಎಲ್ಲರೂ ಮಾತಾಡಿ ಮುಗಿಸಲಿ ಎಂದು ಅಕ್ಕಾರು ಕಾದರು.

"ನಾವು ಟೊಮೆಟೊಗೂ ಬೀನ್ಸ್‌ಗೂ ಬತ್ತದ ನೀರು ಕುಡುಸ್ತಾ ಇದ್ದೀವಿ" ಎಂದರು. "ಸಾಲು ಬುಟ್ಟು ಸಾಲಿಗೆ ಬುಡವ. ನಮ್ಮ ಬೆಳೆಗೆ ಏನೂ ಆಗಕಿಲ್ಲ. ಮಿಕ್ಕುದ್ದು ಕೆಳಿಕ್ಕೆ ಓಗ್ಲಿ."

ಅಕ್ಕಾರ ಮೈದ ಎದ್ದು ನಿಂತರು. ಅವರು ಸಂಘದಲ್ಲಿ ಮುಖಂಡರು. ಅವರ ಮಾತಿಗೆ ಊರಿನಲ್ಲಿ ಬೆಲೆಯಿತ್ತು.

"ಅರ್ಧ ನೀರಲ್ಲಿ ಬೆಳೆ ಆಯ್ತದೆ ಅಂತ ನಾವೇ ತೋರ್ಸ್‌ಬುಟ್ರೆ, ನಾಳಿಕ್ಕೆ ಕಚೇರಿಯವ್ರು ನಿಮಗೆ ಅರ್ಧನೇ ಸಾಕು ಅಂತಾರೆ ಅತ್ತಿಗೆ. ಕೆಳಗಲೂರ್ನೋರು ಅದು ನಮ್ಮ ಅಕ್ಕು ಅಂತಾರೆ. ತಾತನ ಕಾಲ್ದಿಂದ ಬಂದ ನೀರ ಒಂದು ದಿನದಲ್ಲಿ ಕಳ್ಕೊಳದಾ?"

ಆ ಭಯ ಸುಳ್ಳಾಗಿರಲಿಲ್ಲ. ನಮ್ಮ ಮನೆಯವರೂ ತಲೆಯಾಡಿಸಿದರು. ನನಗೂ ಒಂದು ಕ್ಷಣ ಹೌದೆನ್ನಿಸಿತು.

"ಸರಿ, ನಿಮ್ಮ ಜಮೀನು ಬ್ಯಾಡ" ಎಂದರು ಅಕ್ಕಾರು. "ನಂದ್ರಲ್ಲಿ ಮಾಡ್ತೀನಿ. ಈಗ ಬರೋ ಕಟ್ಟು, ಅದ್ರ ಮುಂದ್ಲ ಕಟ್ಟು, ಎರಡ್ರಲ್ಲೂ ನನ್ನ ಪಾಲಲ್ಲಿ ಅರ್ಧ ಕೆಳಿಕ್ಕೆ. ಬೆಳೆ ಸತ್ರೆ ನನ್ನ ಬಾಯಿ ಮುಚ್ತೀನಿ, ನೀವು ಯೋಳ್ದಂಗೆ ಕೇಳ್ತೀನಿ. ಬದುಕುದ್ರೆ ಆಗ ಮಾತಾಡವ. ಅಲ್ಲಿ ತಂಕ ಏರಿ ಮ್ಯಾಲೆ ಗುದ್ಲಿ ತಕ್ಕಂದು ಯಾರೂ ತಿರುಗ್ಬಾರ್ದು."

ಯಾರೂ ಒಪ್ಪಿದೆವು ಎನ್ನಲಿಲ್ಲ. ಬೇಡವೆನ್ನುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ. ಸುದ್ದಿ ಮುಟ್ಟಿದ ಮೇಲೆ ಕೆಳಗಲೂರಿನವರು ಎರಡು ಕಟ್ಟು ಕಾಯುತ್ತೇವೆ ಎಂದು ಹೇಳಿಕಳಿಸಿದರು.

ಮರುದಿನ ಬೆಳಿಗ್ಗೆ ನೋಡಿದರೆ, ರಸ್ತೆಯಿಂದ ಅಕ್ಕಾರ ಜಮೀನಿಗೆ ಹೋಗುವ ದಾರಿಗೆ ಮೈದ ಜಾಲಿ ಮುಳ್ಳು ಹಾಕಿಸಿದ್ದರು. ಆ ದಾರಿ ಇದ್ದದ್ದು ಅವರ ಜಮೀನಿನ ಬದುವಿನ ಮೇಲೆ. ಅಕ್ಕಾರು ಮುಳ್ಳನ್ನು ನೋಡಿದರು, ಹಿಂದಕ್ಕೆ ತಿರುಗಿ ನಮ್ಮ ಜಮೀನಿನ ಕಡೆಯಿಂದ ಸುತ್ತಿಕೊಂಡು ಬಂದರು. "ನಿನ್ನ ಬದುವಿನ ಮ್ಯಾಲೆ ಓಡಾಡ್ಲಾ?" ಎಂದು ನನ್ನನ್ನು ಕೇಳಿದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಆ ದಿನಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೊದಲ ಕಟ್ಟಿನಲ್ಲೇ ಅರ್ಧ ನೀರು ಕುಡಿದಿದ್ದ ಅವರ ಟೊಮೆಟೊದ ಎಲೆ ಮುದುರಿಕೊಂಡು ಜೋಲುತ್ತಿತ್ತು. ಆ ಹೊತ್ತಿಗೇ ಜನ ನೋಡಲು ಬರುತ್ತಿದ್ದರು. ನಾಲೆ ಏರಿಯ ಮೇಲೆ ಬೈಕು ನಿಲ್ಲಿಸಿ, "ಗಿಡ ಓದೋ ಕಣ್ಲಾ" ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಹೋಗುತ್ತಿದ್ದರು. ಸಂಜೆ ತಂಪಾದ ಮೇಲೆ ಅದೇ ಎಲೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಅದನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅಕ್ಕಾರು ಬೆಳಿಗ್ಗೆ ಸಂಜೆ ಕೈ ಹೂತು ಮಣ್ಣುಂಡೆ ಎಸೆದು ಹಿಡಿಯುತ್ತಿದ್ದರು. ಒಂದು ಸಂಜೆ ಉಂಡೆ ಅಂಗೈಯಲ್ಲಿ ಒಡೆದುಹೋಯಿತು. ಎರಡನೇ ಕಟ್ಟು ಬರಲು ಇನ್ನೂ ದಿನಗಳಿದ್ದವು.

"ಈಗ?" ಎಂದೆ.

"ಸೋಗೆ ಇನ್ನೊಂದು ಪದ್ರ ಆಕವ" ಎಂದರು. ಇಬ್ಬರೂ ಕತ್ತಲಾಗುವ ಮೊದಲು ಆಲೆಮನೆಯ ಹಿಂದೆ ಬಿದ್ದಿದ್ದ ಸೋಗೆಯನ್ನು ಹೊತ್ತು ತಂದು ಹಾಸಿದೆವು. ಗಿಡಗಳು ತಡೆದುಕೊಂಡವು. ಹೂವಿನ ಗೊಂಚಲುಗಳಲ್ಲಿ ಕಾಯಿ ಕಚ್ಚಿತು.

ಎರಡನೇ ಕಟ್ಟು ಬಂತು. ನಾಲೆ ಹರಿಯಲು ಶುರುವಾದ ಮರುದಿನ ಅಕ್ಕಾರು ಮೊದಲ ಕಟ್ಟಿನಲ್ಲಿ ಒಣಗಲು ಬಿಟ್ಟಿದ್ದ ಸಾಲುಗಳಿಗೆ ನೀರು ಕೊಟ್ಟು, ತೂಬಿಗೆ ಹಲಗೆ ಇಳಿಸಿ, ಉಳಿದದ್ದನ್ನು ಕೆಳಕ್ಕೆ ಬಿಟ್ಟರು. ಅದರ ಮಾರನೆಯ ದಿನ ನಾನು ಔಷಧಿ ತರಲೆಂದು ನರಸೀಪುರಕ್ಕೆ ಹೋಗಿದ್ದೆ. ಬಸ್ಸಿಳಿದು ಮನೆಗೂ ಹೋಗದೆ ಜಮೀನಿನ ಕಡೆ ನಡೆದೆ. ಇನ್ನೂ ಬಿಸಿಲು ಇಳಿದಿರಲಿಲ್ಲ.

ಅಕ್ಕಾರ ಜಮೀನಿನ ಎರಡು ತಾಕುಗಳಲ್ಲಿ ಕೆಳಗಿನದು ಪೂರಾ ಕೆರೆಯಾಗಿತ್ತು. ಏರಿಗಳು ಮುಳುಗಿದ್ದವು. ಟೊಮೆಟೊ ಗಿಡಗಳ ತಲೆ ಮಾತ್ರ ಕಾಣುತ್ತಿತ್ತು. ಸೋಗೆ ತೇಲುತ್ತಿತ್ತು. ನೀರು ಬಂದಿದ್ದು ನಮ್ಮ ಬದು ಕಡಿದ ಜಾಗದಿಂದ. ಕಡಿದ ಗುರುತು ಹಸಿಯಾಗಿತ್ತು. ತೂಬಿನ ಹಲಗೆ ಆಗಲೇ ಇಳಿಸಿಯಾಗಿತ್ತು. ಅಕ್ಕಾರು ಸೊಂಟದವರೆಗೆ ಕೆಸರು ಮಾಡಿಕೊಂಡು, ತಾಕಿನ ಮೂಲೆಯಲ್ಲಿ ಬಸಿಗಾಲುವೆಯ ಕಡೆಗೆ ದಾರಿ ತೋಡುತ್ತಿದ್ದರು.

ನೆನೆದ ಬೇರಿಗೆ ಆ ಬಿಸಿಲು ಎಂದರೆ ಏನೆಂದು ನನಗೆ ಗೊತ್ತಿತ್ತು. ಬದು ನಮ್ಮದು ಎಂಬುದೂ ಗೊತ್ತಿತ್ತು.

"ಅಕ್ಕಾರೇ, ನಾನಲ್ಲ" ಎಂದೆ.

ಅವರು ತಲೆ ಎತ್ತಲಿಲ್ಲ. "ನೀನು ಅಂತ ನಾನು ಅನ್ನಲಿಲ್ಲ. ಆ ಕಡೆ ಮೂಲೆ ತೋಡು. ಮೊದ್ಲು ಬಸೀಬೇಕು."

ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿದೆ. ಸೀರೆ ಎತ್ತಿ ಕಟ್ಟಿ ಕೈಯಲ್ಲೇ ಕೆಸರು ತೆಗೆದೆ. ನೀರು ಬಸಿಗಾಲುವೆಗೆ ಬಿದ್ದು ಕೆಂಪಗೆ ಕೆಳಗಡೆ ಹರಿಯಿತು. ಆ ಕಾಲುವೆ ಕೆಳಗಲೂರಿನ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿಯವರು ಅದನ್ನು ಕಂಡರು. ತಮಗೆ ಬರಬೇಕಾದ ನೀರನ್ನು ಮೇಲಿನವರು ಹಳ್ಳಕ್ಕೆ ಸುರಿಯುತ್ತಿದ್ದಾರೆ ಎಂದುಕೊಂಡು ಟ್ರ್ಯಾಕ್ಟರ್ ಹತ್ತಿ ಹೊರಟು ಬಂದೇಬಿಟ್ಟರು. ಮುಂದೆ ಕೋಲಿನ ಯಜಮಾನರು, ಹಿಂದೆ ಅವರ ಇಬ್ಬರು ಗಂಡುಮಕ್ಕಳು, ಇನ್ನೂ ಕೆಲವರು. ಟ್ರ್ಯಾಕ್ಟರ್ ಸದ್ದು ಕೇಳಿ ಊರಿನ ಕಡೆಯಿಂದ ಮೈದ, ಅವರ ಜೊತೆಯವರು ಬಂದರು. ಎರಡೂ ಕಡೆಯವರ ಕೈಯಲ್ಲಿ ಗುದ್ದಲಿ. ಅವರೆಲ್ಲ ನಿಂತ ಜಾಗ ಅದೇ ತೂಬಿನ ಏರಿ. ಬಹಳ ಹಿಂದೆ ಏಟು ಬಿದ್ದ ಜಾಗ.

"ಯಾರು ಬುಟ್ಟುದ್ದು ನೀರ?" ಎಂದು ಕೆಳಗಲೂರಿನ ಹಿರಿಯ ಮಗ ಕೂಗಿದ.

"ಬದ ಒಡೀತು" ಎಂದರು ಅಕ್ಕಾರು.

ಯಜಮಾನರು ಕೋಲೂರಿಕೊಂಡು ನಿಧಾನವಾಗಿ ಬದುವಿನ ಹತ್ತಿರ ಹೋದರು. ಕಡಿದ ಗುರುತನ್ನು ಬಗ್ಗಿ ನೋಡಿದರು. ತೂಬಿನ ಹಲಗೆ ನೋಡಿದರು. "ಬದ ತಾನಾಗಿ ಇಂಗೆ ಒಡಿಯಕಿಲ್ಲ" ಎಂದರು.

ಅವರ ಮಕ್ಕಳು ಮೈದನ ಕಡೆ ತಿರುಗಿದರು. ಮೈದನ ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಬಂದರು. ಟ್ರ್ಯಾಕ್ಟರ್ ಎಂಜಿನ್ ನಿಲ್ಲಿಸಿರಲಿಲ್ಲ, ಅದರ ಸದ್ದೊಂದೇ. ಒಬ್ಬ ಹುಡುಗನ ಕೈ ಗುದ್ದಲಿಯ ಹಿಡಿಯ ಮೇಲೆ ಜಾರಿ ಬಿಗಿಯಾಗುವುದನ್ನು ನಾನು ಕೆಸರಿನೊಳಗೆ ನಿಂತು ನೋಡಿದೆ.

ಅಕ್ಕಾರು ನೆಟ್ಟಗೆ ನಿಂತರು. ತಮ್ಮ ಗುದ್ದಲಿಯನ್ನು ದೂರ ಬದುವಿನ ಮೇಲಕ್ಕೆ ಎಸೆದರು. ಅದು ಮಣ್ಣಿಗೆ ಬಿದ್ದ ಸದ್ದಿಗೆ ಎಲ್ಲರೂ ಅತ್ತ ತಿರುಗಿದರು.

"ಯಾರು ಕಡುದ್ರು ಅಂತ ಆಮೇಲೆ ಕೇಳೀರಂತೆ" ಎಂದರು. ಕೂಗಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಈಗ ಬೇರು ಕೊಳೀತಾ ಅದೆ. ಕೈ ಇರೋರು ಇಳೀರಿ. ಗುದ್ಲಿ ಮ್ಯಾಲೆ ಮಡಗಿ ಇಳೀರಿ. ಇಳಿಯದೆ ಇರೋರು ಮನೆಗೋಗಿ."

ಕೋಲಿನ ಯಜಮಾನರು ಬದುವಿನ ಮೇಲೆ ಕೂತರು. ಕೋಲನ್ನು ಪಕ್ಕಕ್ಕಿಟ್ಟು, ಸರಿಯಿಲ್ಲದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ನೀರಿಗೆ ಇಳಿಸಿದರು, ಆಮೇಲೆ ಇನ್ನೊಂದು ಕಾಲು. ಆ ಜಮೀನಿಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಯಾರ ಜಮೀನಾದ್ರೇನು" ಎಂದು ಮಕ್ಕಳಿಗೆ ಹೇಳಿದರು. "ಬೆಳೆ ಅಲ್ವಾ. ಇಳೀರ್ಲಾ."

ಮಕ್ಕಳು ಇಳಿದರು. ಅವರ ಜೊತೆಯವರೂ ಇಳಿದರು. ನಮ್ಮ ಊರಿನ ಇಬ್ಬರು, ಮೈದನ ಮುಖ ನೋಡದೆ, ಗುದ್ದಲಿ ಬಿಟ್ಟು ಇಳಿದರು. ಮೈದ ಏರಿಯ ಮೇಲಿಂದಲೇ ಹೊರಟುಹೋದರು. ಅಕ್ಕಾರು ಯಜಮಾನರ ಹತ್ತಿರ ಹೋಗಿ, ತಲೆ ತಗ್ಗಿಸಿಕೊಂಡೇ, "ಅಲ್ಲಿ ಆಳ ಅದೆ, ಈ ಕಡೆ ಬನ್ನಿ" ಎಂದರು. ಅವರಿಬ್ಬರ ನಡುವೆ ಮಾತು ಶುರುವಾದದ್ದು ಹಾಗೆ.

ಆ ರಾತ್ರಿ ನಮ್ಮ ಮನೆಯವರು ಊಟಕ್ಕೆ ಕೂತಾಗ ನಾನು ತಟ್ಟೆ ಇಟ್ಟು ಎದುರಿಗೆ ನಿಂತೆ. ಅವರಿಗೆ ಆ ವಾರ ಎರಡನೇ ಶಿಫ್ಟು. ಬೆಳಿಗ್ಗೆಯೆಲ್ಲ ಮನೆಯಲ್ಲಿದ್ದವರು. ನಾನು ಏನೂ ಕೇಳಬೇಕಾಗಲಿಲ್ಲ. "ಅವ್ರ ಮೈದ ಯೋಳುದ್ರು" ಎಂದರು. "ಅವ್ರು ಗೆದ್ದುಬುಟ್ರೆ ನಮ್ಮ ನೀರೂ ಓಯ್ತದೆ ಅಂದ್ರು. ನಾನೂ ಅಂಗೇ ಅನ್ಕಂಡೆ." ತಟ್ಟೆ ಮುಟ್ಟದೆ ಎದ್ದುಹೋದರು. ನಾನು ಮೂರು ದಿನ ಅವರೊಡನೆ ಮಾತಾಡಲಿಲ್ಲ.

ಮಾರನೆಯ ದಿನ ಅಕ್ಕಾರಿಗೆ ಹೇಳಿಬಿಡಬೇಕೆಂದು ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಯಾರು ಅಂತ ಯೋಳ್ಬೇಡ. ಯೋಳುದ್ರೆ ನಾನು ಏನಾರ ಮಾಡ್ಬೇಕಾಯ್ತದೆ."

ಕೆಳಗಿನ ತಾಕು ಉಳಿಯಲಿಲ್ಲ. ಒಂದು ವಾರದಲ್ಲಿ ಹಳದಿಗಟ್ಟಿ, ಕಾಯಿ ಸಮೇತ ಕುಸಿದುಬಿದ್ದಿತು. ಮೇಲಿನ ತಾಕಿಗೆ ಆ ನೀರು ಮುಟ್ಟಿರಲಿಲ್ಲ. ಅರ್ಧ ನೀರಿನಲ್ಲಿದ್ದ ಅದು ಮುಂದಿನ ಕಟ್ಟು ಮುಗಿಯುವಷ್ಟರಲ್ಲಿ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟು ನಿಂತಿತು. ಎರಡೂ ಒಂದರ ಪಕ್ಕ ಒಂದು. ನೋಡಲು ಬಂದವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಕೆಳಗಲೂರಿನವರನ್ನೂ ಕರೆದಿದ್ದ ಮುಂದಿನ ಸಭೆಯಲ್ಲಿ ಮಾತು ಮತ್ತೆ ಹಕ್ಕಿನ ವಿಷಯಕ್ಕೇ ಬಂದು ನಿಂತಿತು. ಆಗ ಕೋಲಿನ ಯಜಮಾನರು ಎದ್ದು, "ನೀವು ಬುಟ್ಟುದ್ದ ನಾವು ಅಕ್ಕು ಅಂತ ಯಾವತ್ತೂ ಕೇಳಕಿಲ್ಲ. ನಿಮಗೆ ಬೇಕಾದ ವರ್ಷ ನಿಮ್ಮದೇ" ಎಂದು ಎಲ್ಲರ ಮುಂದೆ ಮಾತು ಕೊಟ್ಟರು. ಅಲ್ಲಿಗೆ ನಮ್ಮವರ ಭಯ ಅರ್ಧ ಇಳಿಯಿತು. ಒಬ್ಬೊಬ್ಬರಾಗಿ ಏರಿ ಕಟ್ಟಿದರು, ಸಾಲು ಬಿಟ್ಟು ಸಾಲಿಗೆ ನೀರು ಕೊಟ್ಟರು. ಎಲ್ಲರೂ ಅಲ್ಲ. ಮೈದ ಇವತ್ತಿಗೂ ಮಡಿ ತುಂಬಿಸುತ್ತಾರೆ. ಆ ವರ್ಷ ಕೆಳಗಲೂರಿನ ಬೆಂಡೆ ನಂಜನಗೂಡಿನ ಮಾರುಕಟ್ಟೆಗೆ ಹೋಯಿತು. ಅದಾದ ಮೇಲೆ ತೂಬಿನ ಹತ್ತಿರ ಜಗಳವೇ ಆಗಲಿಲ್ಲ ಎಂದರೆ ಸುಳ್ಳು. ಆದರೆ ಗುದ್ದಲಿ ಯಾರೂ ಎತ್ತಲಿಲ್ಲ.

ಮುಂದೆ ನಾನು ಒಂದು ಹೊಂಡ ತೋಡಿಸಿ, ಕಟ್ಟು ಬಂದಾಗ ತುಂಬಿಸಿಕೊಂಡು, ಡ್ರಿಪ್ ಹಾಕಿಸಿದೆ. ಪೈಪು ಎಳೆದ ದಿನ ಅಕ್ಕಾರು ಬಂದು ತೊಟ್ಟಿಕ್ಕುವುದನ್ನೇ ಬಹಳ ಹೊತ್ತು ನೋಡಿದರು. ಹೊಗಳುತ್ತಾರೇನೋ ಎಂದು ಕಾದೆ. "ಪೈಪು ಬಂತು ಅಂತ ಬೆರಳು ಆಕದ ಬುಡಬ್ಯಾಡ" ಎಂದು ಹೇಳಿ ಹೋದರು.

ಮಂಡಿ ನೋವು ಹೆಚ್ಚಿದ ಮೇಲೆ ಅವರು ಜಮೀನನ್ನು ಕೋಲಿನ ಯಜಮಾನರ ಸೊಸೆಗೆ ವಾರಕ್ಕೆ, ಎಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟು ಬಿಳಿಗೆರೆಗೆ ಹೋದರು. ಮೈದ ಗಲಾಟೆ ಮಾಡಿದರು. "ಅವ್ಳು ಚೆನ್ನಾಗಿ ಏರಿ ಕಟ್ತಾಳೆ" ಎಂದಷ್ಟೇ ಅಕ್ಕಾರು ಉತ್ತರ ಕೊಟ್ಟರು.

ನಾನು ಆಗಾಗ ಬಿಳಿಗೆರೆಗೆ ಹೋಗಿ ಬರುತ್ತಿದ್ದೆ. ಈ ವರ್ಷ ಯುಗಾದಿ ಕಳೆದ ಮೇಲೆ ಹೋದಾಗ ಮಾತಿನ ನಡುವೆ ಆ ಬೇಸಿಗೆ ಬಂತು. ಎಷ್ಟು ವರ್ಷವಾದರೂ ನನ್ನೊಳಗೆ ಕೂತಿದ್ದ ಮಾತು. ಬದು ಕಡಿದವರು ಯಾರೆಂದು ಈಗಲಾದರೂ ಹೇಳಲಾ ಎಂದು ಕೇಳಿದೆ.

"ನಿನ್ನ ಗಂಡ ತಾನೆ" ಎಂದರು ಅವರು. ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದರು. "ನಾನು ನೋಡ್ದೆ ಕಣವ್ವ. ನಿಮ್ಮ ಮುಸುಕಿನ ಜೋಳದ ಸಾಲಲ್ಲಿ ನಿಂತಿದ್ದೆ. ಅವ್ನು ಹಲ್ಗೆ ಎತ್ತುದ್ದು, ಬದ ಕಡುದ್ದು, ಎಲ್ಲ."

"ಕೂಗ್ಬೋದಿತ್ತಲ್ಲ ಅಕ್ಕಾರೇ. ಬೆಳೆ ಉಳೀತಿತ್ತು."

"ಕೂಗುದ್ರೆ ತಿರುಗ್ತಿದ್ದ. ಕೈಲಿ ಗುದ್ಲಿ ಇತ್ತು. ಎದ್ರಿಕೊಂಡಿದ್ದ. ಎದ್ರುದ್ದ ಗಂಡಸ್ನ ಕೈಲಿ ಗುದ್ಲಿ ಇದ್ರೆ ಏನಾಯ್ತದೆ ಅಂತ ನಮ್ಮ ಮನೇಲಿ ಒಂದ್ಸಲ ನೋಡಿವ್ನಿ." ಕುಟ್ಟಣಿಯೊಳಗೆ ಬೆರಳು ಹಾಕಿ ನೋಡಿ ಮತ್ತೆ ಕುಟ್ಟಿದರು. "ಅವ್ನು ಓಗೋ ತಂಕ ಅಲ್ಲೇ ನಿಂತಿದ್ದೆ. ನೀರು ಒಂದೊಂದೇ ಸಾಲು ತುಂಬ್ತಾ ಇತ್ತು. ಅಷ್ಟೇ. ಬೆಳೆ ಮತ್ತೆ ಆಕ್ಬೋದು."

ಮನೆಗೆ ಬಂದು ನಮ್ಮ ಮನೆಯವರಿಗೆ ಅದನ್ನು ಇದ್ದ ಹಾಗೇ ಹೇಳಿದೆ. ಅವರು ಕೇಳಿದ್ದು ಒಂದೇ. "ಎಷ್ಟು ದೂರ್ದಲ್ಲಿದ್ರಂತೆ?" ಜೋಳದ ಸಾಲು ಎಂದೆ. ಅಂದರೆ ಹತ್ತಿರವೇ.

ಮುಂದಿನ ರಜೆಯ ದಿನ ಬೆಳಿಗ್ಗೆ, ನನಗೆ ಹೇಳದೆ, ಬಿಳಿಗೆರೆ ಬಸ್ಸು ಹತ್ತಿದರು. ಸಂಜೆ ಬಂದಾಗ ಅಂಗಿಯ ಬೆನ್ನು ಬೆವರಿನಿಂದ ಬೆಳ್ಳಗೆ ಉಪ್ಪುಗಟ್ಟಿತ್ತು. ಉಗುರೊಳಗೆಲ್ಲ ಮಣ್ಣು. ಬಚ್ಚಲಿಗೆ ನೀರು ಕೊಟ್ಟು ಬಾಗಿಲಲ್ಲಿ ನಿಂತೆ.

"ಏನಂದ್ರು?"

"ಏನೂ ಅನ್ನಲಿಲ್ಲ. ನಾನೇ ತಪ್ಪಾಯ್ತು ಅಂದೆ. ಕೇಳುಸ್ಕಂಡ್ರು." ಕೈ ತೊಳೆಯುತ್ತಲೇ ಇದ್ದರು. "ಆಮೇಲೆ ಮಗಳ ಹಿತ್ತಲಲ್ಲಿ ಬದ್ನೆ ನೆಡಕೆ ಏರಿ ಕಟ್ಟು ಅಂದ್ರು. ಕಟ್ಟುದೆ. ಕುರ್ಚಿ ಆಕುಸ್ಕಂಡು ಕೂತು ನೋಡುದ್ರು. ಸಾಲು ಸೊಟ್ಟ ಅದೆ ಅಂತ ಎರಡು ಸರ್ತಿ ಕೆಡ್ಸುದ್ರು."